ಖಾಲಿ ಒರೆಗಳು

ಶೇಖ್ ನಾಜಿ ಮಾವನವರಿಗೆ,

ತಕಿಯಾಳ ಸಲಾಂ. ಬಾವಿ ಯಾರದು ಅನ್ನೋ ಜಗಳದಲ್ಲಿ ನೀವು ಹೇಳಿದ್ದಕ್ಕೆ ತಲೆಬಾಗ್ತೀವಿ ಅಂತ ನನ್ನ ಅಣ್ಣ ಮುಕ್ಬಿಲ್, ತಮ್ಮ ಹಿಜಾಮ್ ಇಬ್ಬರೂ ಸೊಂಟದ ಜಂಬಿಯಾ ಕಠಾರಿ ಕಿತ್ತು ನಿಮ್ಮ ಹತ್ತಿರ ಒತ್ತೆ ಇಟ್ಟರಲ್ಲ, ಆ ತೀರ್ಪನ್ನು ದಯವಿಟ್ಟು ಬೇಗ ಕೊಡಬೇಡಿ.

ಖಾಲಿ ಒರೆ ಕಟ್ಟಿಕೊಂಡು ಸಂತೆಗೆ ಹೋಗೋಕೆ ಇಬ್ಬರಿಗೂ ನಾಚಿಕೆ. ಬೇರೆ ಬೇರೆ ಮಹಡಿಯಲ್ಲಿ ಮುಖ ತಿರುಗಿಸಿಕೊಂಡಿದ್ದವರು ಈಗ ಬೇಜಾರಿಗೆ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದಾರೆ. ಮೊನ್ನೆ ಹಿಜಾಮ್ ಕೆಣಕಿದ: "ನಿನ್ನ ಕಠಾರಿಯ ಹಿಡಿ ಬರೀ ಎಮ್ಮೆ ಕೊಂಬು. ಅಪ್ಪ ಘೇಂಡಾಮೃಗದ ಕೊಂಬಿಂದು ಕೊಟ್ಟಿದ್ದು ನನಗೆ."

"ಅದಕ್ಕೇ ನಿನ್ನ ಚರ್ಮ ಅಷ್ಟು ದಪ್ಪ," ಅಂದ ಮುಕ್ಬಿಲ್. ಇಬ್ಬರೂ ಬಿದ್ದು ಬಿದ್ದು ನಕ್ಕರು.

ಗುರುವಾರ ಚಿಕ್ಕಪ್ಪನ ಮಗನ ಮದುವೆ. ಜಂಬಿಯಾ ಎತ್ತಿ ಕುಣಿಯದೆ ಇವರಿಗೆ ಇರೋಕಾಗಲ್ಲ, ನಿಮ್ಮ ಬಾಗಿಲಿಗೆ ಬಂದೇ ಬರ್ತಾರೆ. ಒಬ್ಬೊಬ್ಬರೇ ಬಂದರೆ ಶುಂಠಿ ಕಷಾಯ ಕುಡಿಸಿ ವಾಪಸ್ ಅಟ್ಟಿ. ಜೊತೆಯಾಗಿ ಬಂದು, "ತೀರ್ಪು ಬೇಡ, ಬಾವಿ ಇಬ್ಬರದೂ," ಅಂದರೆ ಮಾತ್ರ ಜಂಬಿಯಾ ಕೊಡಿ.

ಅಲ್ಲಿಯವರೆಗೆ ಎರಡನ್ನೂ ಒಂದೇ ಬಟ್ಟೆಯಲ್ಲಿ ಸುತ್ತಿಡಿ. ಒಬ್ಬನೇ ಕಮ್ಮಾರ ಬಾಗಿಸಿದ ಅಲಗುಗಳು, ಒಂದರ ಮಗ್ಗುಲಿಗೆ ಇನ್ನೊಂದು ಸರಿಯಾಗಿ ಕೂರುತ್ತೆ.

ನಾನಂತೂ ಗುರುವಾರಕ್ಕೆ ಅಂತ ಇಬ್ಬರ ನಡುಪಟ್ಟಿಗೂ ಹೊಸ ಜರಿ ಹೊಲಿದು ಮುಗಿಸಿದ್ದೇನೆ.

ನಿಮ್ಮ ಮನೆಮಗಳು,
ತಕಿಯಾ