ಒಮ್ಮೆ ಹೇಳಿದ ‘ಬೇಡ’

ನೈಶಾಪುರ
ಆಬಾನ್ ತಿಂಗಳ ಹದಿನಾಲ್ಕು

ಪ್ರೀತಿಯ ಕಾಮ್ಯಾರ್‌ಗೆ,

ನಿನ್ನ ಎರಡು ಕಣ್ಣುಗಳಿಗೂ ಅಮ್ಮನ ಮುತ್ತು. ಮೂಗಿನಿಂದ ರಕ್ತ ಬರುತ್ತಿದ್ದುದು ನಿಂತಿತೇ? ಆ ಅನಿಲ ಘಟಕದ ಹೊಗೆ ನಿನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಮಲಗುವ ಮೊದಲು ಮೂಗಿಗೆ ಎಣ್ಣೆ ಹಚ್ಚಿಕೋ. ನನ್ನ ಮಂಡಿನೋವು ಹಾಗೆಯೇ ಇದೆ. ಫೋನಿನಲ್ಲಿ ನಾನು ಮಾತು ಮುಗಿಸುವ ಮೊದಲೇ ನೀನು ಇಟ್ಟುಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ರಜೆ ಮುಗಿಸಿ ನಿನ್ನ ಘಟಕಕ್ಕೇ ಹೊರಟಿರುವ ರಹಮತ್ ಇದನ್ನು ನಿನ್ನ ಕೈಗೆ ಕೊಡುತ್ತಾನೆ. ಜೊತೆಗೆ ಒಣ ಆಲೂಬುಖಾರಾ ಹಣ್ಣು ಇದೆ. ಈ ವರ್ಷ ಹುಳಿ ಸ್ವಲ್ಪ ಹೆಚ್ಚು.

ನಿನ್ನ ಹೆಂಡತಿ ಫರ್ಖುಂದೆಯನ್ನು ಕೆಡಿಸಿದ್ದು ಆರೋಗ್ಯ ಕೇಂದ್ರದ ತರಗತಿ ಎಂದು ನೀನು ಹೇಳಿದೆ. ಅಲ್ಲಿ ನಡೆದದ್ದನ್ನು ನಾನು ನೋಡಿದ್ದೇನೆ, ನೀನು ನೋಡಿಲ್ಲ. ಮದುವೆಯಾಗಿ ಎರಡು ವರ್ಷವಾದರೂ ಮಗುವಾಗಲಿಲ್ಲವೆಂದು ಅವಳನ್ನು ಅಲ್ಲಿಗೆ ಕರೆದುಕೊಂಡು ಹೋದವಳು ನಾನೇ. ಸೂಲಗಿತ್ತಿ ಮೊಅಯ್ಯದಿ ಖಾನಂ ಪರೀಕ್ಷೆ ಮಾಡಿ, ದೇಹದಲ್ಲಿ ದೋಷವೇನೂ ಇಲ್ಲ, ಆದರೆ ಹುಡುಗಿ ಗಂಡ ಹತ್ತಿರ ಬಂದಾಗಲೆಲ್ಲ ನೋವು ತಿನ್ನುತ್ತಿದ್ದಾಳೆ, ಅದನ್ನು ಯಾರಿಗೂ ಹೇಳಿಲ್ಲ ಎಂದರು. ಮದುವೆಯಾದ ಹೆಂಗಸರಿಗೆಂದೇ ಸೋಮವಾರ ಬೆಳಿಗ್ಗೆ ತರಗತಿ ನಡೆಯುತ್ತಿತ್ತು. ಒಬ್ಬಳೇ ಹೋಗಲು ಅವಳಿಗೆ ನಾಚಿಕೆ, ಹಾಗಾಗಿ ನಾನೂ ಗೋಡೆಗೊರಗಿ ಕುಳಿತೆ. ನಿನ್ನ ತಂದೆ ತೀರಿಕೊಂಡು ಒಂಬತ್ತು ವರ್ಷವಾದ ಮೇಲೆ, ಈ ವಯಸ್ಸಿನಲ್ಲಿ.

ಅಲ್ಲಿ ಕೊಳಕು ಮಾತು ಏನೂ ಇರಲಿಲ್ಲ. ದೇಹದ ಚಿತ್ರ ತೋರಿಸಿದರು, ನೋವು ಏಕೆ ಬರುತ್ತದೆ ಎಂದು ವಿವರಿಸಿದರು. ಎರಡನೇ ಸೋಮವಾರ ಒಂದು ತಟ್ಟೆಯಲ್ಲಿ ಚಹಾ ತಂದರು. ಮೂರು ಸಲ ಕೇಳಿಸಿಕೊಂಡ ಮೇಲೆ ತೆಗೆದುಕೊಳ್ಳುವುದು ನಮ್ಮ ರೂಢಿಯಲ್ಲವೇ, ಎಲ್ಲರೂ ಉಪಚಾರಕ್ಕೆ ಬೇಡ ಎಂದೆವು. ಖಾನಂ ತಟ್ಟೆ ಎತ್ತಿಕೊಂಡು ಹೋಗಿ ಕಿಟಕಿಯ ಕಟ್ಟೆಯ ಮೇಲಿಟ್ಟು ಪಾಠ ಶುರು ಮಾಡಿದರು. ನಾವೆಲ್ಲ ಬಾಯಾರಿ ಆ ಲೋಟಗಳನ್ನೇ ನೋಡುತ್ತ ಕುಳಿತೆವು. ಕೊನೆಗೆ ಬೇಕರಿ ಹುಸೇನನ ಹೆಂಡತಿ ಇಸ್ಮತ್, “ಇನ್ನೊಂದ್ಸಲ ಕೇಳ್ಬಾರ್ದಾ ಖಾನಂ, ನಾವೇನು ನಿಜವಾಗ್ಲೂ ಬೇಡ ಅಂದ್ವಾ?” ಎಂದಳು. ಎಲ್ಲರೂ ನಕ್ಕರು. ಖಾನಂ ನಗಲಿಲ್ಲ. “ಮನೇಲಿ ನೀವು ನಿಜವಾಗ್ಲೂ ಬೇಡ ಅಂದ್ರೆ ನಿಮ್ಮ ಗಂಡನಿಗೆ ಹೇಗೆ ಗೊತ್ತಾಗ್ಬೇಕು?” ಎಂದು ಕೇಳಿದರು. ಆವತ್ತಿನಿಂದ ಆ ಕೋಣೆಯಲ್ಲಿ ಬೇಕಾದರೆ ಬೇಕು, ಬೇಡವಾದರೆ ಒಂದೇ ಸಲ ಬೇಡ. ಚಹಾದಲ್ಲೇ ಅಭ್ಯಾಸ ಮಾಡಿಸಿದರು. ಫರ್ಖುಂದೆಗೆ ಅದು ಬಹಳ ಕಷ್ಟವಾಯಿತು. ‘ಬೇಡ’ ಎಂದ ಕೂಡಲೇ ಅವಳ ಮುಖದಲ್ಲಿ ಕ್ಷಮೆ ಕೇಳುವಂಥ ನಗು ಬಂದುಬಿಡುತ್ತಿತ್ತು. ನಗದೆ ಹೇಳುವುದನ್ನು ಅವಳು ನಮ್ಮ ಅಡುಗೆಮನೆಯಲ್ಲಿ ನನ್ನೆದುರು ಕಲಿತಳು.

ಎಲ್ಲರ ಮನೆಯಲ್ಲೂ ಕೆಟ್ಟದ್ದಾಗಲಿಲ್ಲ. ಗಂಡಂದಿರನ್ನು ಕರೆದ ದಿನ ಇಬ್ಬರೇ ಬಂದರು, ಅದರಲ್ಲಿ ಹುಸೇನ್ ಒಬ್ಬ. ಆಮೇಲೆ ಇಸ್ಮತ್ ನನ್ನ ಕಿವಿಯಲ್ಲಿ, “ರಾತ್ರಿ ನಿಂಗೆ ಹೇಗನ್ನಿಸ್ತು ಅಂತ ಕೇಳ್ದ ಕಣೇ ತೂಬಾ. ಇಷ್ಟು ವರ್ಷದಲ್ಲಿ ಇದೇ ಮೊದ್ಲು. ಏನ್ ಹೇಳೋದು ಗೊತ್ತಾಗ್ದೆ ನಿದ್ದೆ ಬಂದವಳ ಹಾಗೆ ಬಿದ್ಕೊಂಡೆ” ಎಂದಳು. ಅದನ್ನು ಹೇಳುವಾಗ ಅವಳು ಹುಡುಗಿಯ ಹಾಗೆ ಕಾಣುತ್ತಿದ್ದಳು. ಆ ದಿನ ನೀನೂ ರಜೆಯಲ್ಲಿ ಮನೆಯಲ್ಲೇ ಇದ್ದೆ. ಹೆಂಗಸರ ಕಂತೆಪುರಾಣ ಎಂದು ಟೀವಿ ಮುಂದಿನಿಂದ ಏಳಲಿಲ್ಲ.

ಅದೇ ವಾರ ಫರ್ಖುಂದೆ ನಿನಗೆ, ನೋಯುತ್ತದೆ, ಇವತ್ತು ಬೇಡ ಎಂದಳು. ನಗದೆ, ಒಂದೇ ಸಲ. ನೀನು ಅದನ್ನು ಬಿನ್ನಾಣ ಎಂದುಕೊಂಡೆಯೋ ಧಿಕ್ಕಾರ ಎಂದುಕೊಂಡೆಯೋ ನನಗೆ ತಿಳಿಯದು. ಬೆಳಿಗ್ಗೆ ಅವಳಿಗೆ ಊಟದ ಹಾಸಿನ ಬಳಿ ಕೂರಲು ಆಗಲಿಲ್ಲ. ಬಾಗಿಲಿನ ಚೌಕಟ್ಟು ಹಿಡಿದು ನಿಂತೇ ಚಹಾ ಕುಡಿದಳು. ಮಣಿಕಟ್ಟಿನ ಸುತ್ತ ನಿನ್ನ ಬೆರಳುಗಳ ಗುರುತಿತ್ತು. ನೀನು ರೊಟ್ಟಿ ಮುರಿಯುತ್ತ, “ನಿನ್ನ ಸೊಸೆಗೆ ಯಾವನೋ ಪಾಠ ಹೇಳ್ಕೊಡ್ತಿದಾನೆ ಅಮ್ಮ, ವಿಚಾರ್ಸು” ಎಂದೆ. ನೀನು ಬಸ್ಸು ಹತ್ತಿದ ಮಧ್ಯಾಹ್ನವೇ ಅವಳು ತಂದೆಯ ಮನೆಗೆ ಹೋದಳು.

ಅವಳನ್ನು ಕರೆದುಕೊಂಡು ಬಾ ಎಂದು ನೀನು ಹೇಳಿದ್ದರಿಂದ ಮೊನ್ನೆ ಹೋಗಿದ್ದೆ. ಸೊರಗಿದ್ದಾಳೆ. ಬಾಮ್ಮ ಮನೆಗೆ ಹೋಗೋಣ ಎಂದೆ. “ಅವ್ರು ಬರೋ ಮನೆಗೆ ನಾನು ಬರಲ್ಲ ಅತ್ತೆ” ಎಂದಳು. ಅವಳ ತಂದೆ ನನ್ನತ್ತ ಬಾಗಿ, “ಮೂರು ಸಲ ಕರೀರಿ ತೂಬಾ ಖಾನಂ, ನಾಚ್ಕೊಂಡು ಹಾಗಂತಾಳೆ. ಗಂಡ ಇರೋ ಮಗಳನ್ನ ನಾನೆಷ್ಟು ದಿನ ಇಟ್ಕೊಳ್ಲಿ?” ಎಂದರು. ಎರಡನೇ ಸಲ ಕರೆಯಲು ಬಾಯಿ ತೆರೆದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಮುಖದಲ್ಲಿ ಆ ನಗು ಇರಲಿಲ್ಲ. ನಾನು ಕರೆಯಲಿಲ್ಲ. ತಲೆಯ ಮೇಲಿನ ಚಾದರ ಸರಿಮಾಡಿಕೊಂಡು ಎದ್ದು ಬಂದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಚಳಿಗೆ ಹೆಣೆದ ಬನಿಯನ್ನನ್ನೂ ರಹಮತ್ ಕೈಲಿ ಕಳಿಸಿದ್ದೇನೆ. ಖುದಾ ನಿನ್ನನ್ನು ಕಾಯಲಿ, ನಿನಗೆ ಒಳ್ಳೆಯ ಬುದ್ಧಿಯನ್ನೂ ಕೊಡಲಿ.

ನಿನ್ನ ಅಮ್ಮ,
ತೂಬಾ

ಒಂದು ಮಾತು ಮರೆತಿದ್ದೆ. ರಹಮತ್ ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ನೀನು ಇಲ್ಲಿಗೆ ಬರುವುದಿಲ್ಲ ಎಂದು ನಿನ್ನೆ ಅವಳಿಗೆ ಹೇಳಿಕಳಿಸಿದೆ, ಒಪ್ಪಿದ್ದಾಳೆ. ಗುರುವಾರ ಫರ್ಖುಂದೆ ಇಲ್ಲಿಗೆ ಬರುತ್ತಾಳೆ, ನನ್ನ ಜೊತೆ ಇರುತ್ತಾಳೆ. ಇದು ನನ್ನ ತಂದೆ ನನಗೆ ಕೊಟ್ಟ ಮನೆ. ಬೀಗ ಬದಲಿಸಿದ್ದೇನೆ. ಈ ಸಲದ ರಜೆಗೆ ಮಶ್ಹದ್‌ಗೆ, ನಿನ್ನ ಅಕ್ಕನ ಮನೆಗೆ ಹೋಗು. ಇಲ್ಲಿಗೆ ಬರಬೇಡ. ಉಪಚಾರಕ್ಕೆ ಹೇಳುತ್ತಿಲ್ಲ ಮಗನೇ. ಇನ್ನೊಂದು ಸಲ ಕೇಳಬೇಡ.