ಅಕ್ಕನ ಕೊರಳಿನ ಚುಕ್ಕಿಚಿತ್ರ

ತಿಕೋಟಾ, ಜಿಲ್ಲಾ ವಿಜಾಪುರ
ತಾ. 12-2-1975

ಪ್ರೀತಿಯ ಇಸ್ಮಾಯಿಲನಿಗೆ ನಿನ್ನ ಮಾಮು ಬುಡ್ಡೇಸಾಬನ ತುಂಬು ಮನಸ್ಸಿನ ದುವಾ.

ಮೊದಲು ಒಂದು ಮಾತು ತಿಳಿದುಕೋ. ಈಗ ಮುಂಬಯಿಯ ಆ ದೊಡ್ಡ ಆಸ್ಪತ್ರೆಯಲ್ಲಿ ನನ್ನನ್ನು ಕೇಳದೆ ಯಾವ ಡಾಕ್ಟರೂ ಮಶೀನಿಗೆ ಕೈ ಹಚ್ಚುವುದಿಲ್ಲ. ನಾನು ಬಾಗಿಲಲ್ಲಿ ಕಾಣಿಸಿದರೆ ಸಾಕು, ಕುರ್ಚಿಯಲ್ಲಿ ಕೂತವರು ಎದ್ದು ನಿಲ್ಲುತ್ತಾರೆ. ಇರಲಿ, ನನ್ನ ದೊಡ್ಡಸ್ತಿಕೆ ನಾನೇ ಬರೆದರೆ ಚೆಂದವಲ್ಲ. ನಿನ್ನ ಮೈ ಹೇಗಿದೆ? ಪಠಾಣಕೋಟದ ಚಳಿಗೆ ಮಿಲಿಟರಿ ಟ್ರಕ್ಕೇ ಬೆಳಿಗ್ಗೆ ಏಳುವುದಿಲ್ಲ ಎಂದು ನೀನು ಬರೆದಿದ್ದೆ, ಹಾಗಾದರೆ ಅದನ್ನು ಓಡಿಸುವ ನೀನು ಹೇಗೆ ಏಳುತ್ತೀ? ಎಳ್ಳೆಣ್ಣೆ ಬಿಸಿ ಮಾಡಿ ಎದೆಗೆ ತಿಕ್ಕಿಕೋ. ಇಲ್ಲಿ ಜೋಳ ತೆನೆ ಕಟ್ಟಿದೆ, ನನ್ನ ಎತ್ತುಗಳು ಕ್ಷೇಮ. ನಿನ್ನ ಅವ್ವನ ಎರಡು ಆಡು ಈಗ ಮನೆಯಲ್ಲಿಲ್ಲ. ಹಿತ್ತಲು ಬಹಳ ಸ್ವಚ್ಛವಾಗಿದೆ.

ನಿನ್ನ ಪತ್ರದಲ್ಲಿ ಇದ್ದದ್ದು ಒಂದೇ ಪ್ರಶ್ನೆ. ಅವ್ವನ ಕೊರಳಿನ ಗಂಟು ಕೊಯ್ಯಬೇಕೋ ಬೇಡವೋ, ರಜೆ ಬರೆಯಲೋ ಬೇಡವೋ. ಉತ್ತರ ಈ ಪತ್ರದಲ್ಲಿದೆ. ಆದರೆ ನಾನು ಬರೆದ ಸಾಲಿನಲ್ಲೇ ಓದಿಕೊಂಡು ಬಾ, ತುದಿಗೆ ಹಾರಬೇಡ. ಮುಲ್ಕಿ ಪರೀಕ್ಷೆಗೆ ಕೂತವನು ಬರೆದ ಪತ್ರವಿದು (ಪಾಸಾದದ್ದು ಬೇರೆ ಮಾತು).

ಶ್ರಾವಣದಲ್ಲಿ ವಿಜಾಪುರದ ಡಾಕ್ಟರು ಅಕ್ಕನ ಕೊರಳು ಹಿಡಿದು ನೋಡಿ, ಗಂಟು ಒಳ್ಳೆಯದೋ ಕೆಟ್ಟದ್ದೋ ಕೈಗೆ ತಿಳಿಯುವುದಿಲ್ಲ, ಮುಂಬಯಿಗೆ ಹೋಗಿ ಚಿತ್ರ ತೆಗೆಸಿರಿ ಎಂದದ್ದು ನಿನಗೆ ಗೊತ್ತು. ನಿನಗೆ ಗೊತ್ತಿಲ್ಲದ್ದು ಮುಂದಿನದು. ಡಾಕ್ಟರ ಚೀಟಿ ಕೈಯಲ್ಲಿದ್ದರೂ ನನ್ನ ವಿದ್ಯೆ ಸುಮ್ಮನಿರಬೇಕಲ್ಲ! ನೊಗ ತಿಕ್ಕಿ ಕೊರಳು ಬಾತ ಎತ್ತನ್ನು ಬಬಲೇಶ್ವರದವರು, ಕಾಖಂಡಕಿಯವರು ಯಾರ ಹತ್ತಿರ ಹೊಡೆದುಕೊಂಡು ಬರುತ್ತಾರೆ? ನನ್ನ ಹತ್ತಿರ. ನಾನು ಹಚ್ಚುವುದು ಏನು? ಟಿಂಚರ್ ಅಯೋಡಿನ್. ಎತ್ತಿನ ಕೊರಳಿಗೆ ನಡೆಯುವುದು ಅಕ್ಕನ ಕೊರಳಿಗೆ ಯಾಕೆ ನಡೆಯಬಾರದು ಎಂದು, ಮುಂಬಯಿಯ ಗಾಡಿ ಹತ್ತುವವರೆಗೂ ದಿನಾ ಎರಡು ಹೊತ್ತು ಹತ್ತಿಯಲ್ಲಿ ಅದ್ದಿ ಬಳಿದೆ. ಅಕ್ಕ, “ಉರೀತೈತೋ ಬುಡ್ಡ್ಯಾ, ನಾ ಏನ್ ನಿನ್ನ ಎತ್ತೇನೋ?” ಎಂದು ಬೈದಳು. ಆದರೂ ಕೊರಳು ಕೊಟ್ಟಳು. ತಮ್ಮನ ಮೇಲೆ ಅಷ್ಟು ನಂಬಿಗೆ.

ಸೋಲಾಪುರದಲ್ಲಿ ಗಾಡಿ ಬದಲಿಸಿ ಮುಂಬಯಿಗೆ ಹೋದೆವು. ಅಲ್ಲಿಯ ಡಾಕ್ಟರಬಾಯಿ ಬೆಳಗಾವಿ ಕಡೆಯವರು, ಕನ್ನಡ ಬರುತ್ತದೆ. ಅವರು ಅಕ್ಕನಿಗೆ ಕುಡಿಯಲು ಕೊಟ್ಟ ಔಷಧವನ್ನು ನೀನು ನೋಡಬೇಕಿತ್ತು. ಸಣ್ಣ ಗ್ಲಾಸಿನ ತಳದಲ್ಲಿ ನೀರಿನಂಥದ್ದು ಒಂದು ಗುಟುಕು. ಬಣ್ಣವಿಲ್ಲ, ವಾಸನೆಯಿಲ್ಲ. ಅದರಿಂದ ಕಣ್ಣಿಗೆ ಕಾಣದ ಕಿರಣ ಹೊರಡುತ್ತವಂತೆ, ಕೊರಳಿನ ಗ್ರಂಥಿ ಅದನ್ನು ಹೀರಿಕೊಳ್ಳುತ್ತದಂತೆ, ಎಲ್ಲಿ ಹೀರಿತು ಎಂಬುದನ್ನು ಮಶೀನು ಮರುದಿನ ಹುಡುಕುತ್ತದಂತೆ. ಇಷ್ಟು ದೂರದಿಂದ ಬಂದವರಿಗೆ ಇಷ್ಟೇ ಏನು ಎಂದು ನನಗೆ ಕೆಟ್ಟೆನಿಸಿತು.

ಮಶೀನು ಮಾತ್ರ ನಮ್ಮ ಕೂರಿಗೆಯ ಖಾಸಾ ತಮ್ಮ! ಅಕ್ಕನನ್ನು ಸೆರಗು ಹೊದ್ದ ಹಾಗೆಯೇ ಮಲಗಿಸಿ ಕೊರಳಿನ ಮೇಲೆ ಒಂದು ಕಬ್ಬಿಣದ ತೋಳು ತಂದರು. ಅದು ಆ ಬದುವಿಗೆ ಹೋಗಿ, ಒಂದು ಸಾಲು ಸರಿದು, ಈ ಬದುವಿಗೆ ಬರುತ್ತದೆ. ಕಿರಣ ಸಿಕ್ಕಲ್ಲೆಲ್ಲ ಪಕ್ಕದ ಕಾಗದದ ಮೇಲೆ ಟಕ್ ಎಂದು ಒಂದು ಚುಕ್ಕಿ ಬಿತ್ತುತ್ತದೆ. ಚುಕ್ಕಿ ದಟ್ಟವಾದರೆ ಚಿತ್ರ. ಆದರೆ ಅಕ್ಕನ ಕಾಗದದಲ್ಲಿ ಬಿದ್ದದ್ದು, ಮಳೆ ಕೈಕೊಟ್ಟ ವರ್ಷ ಕನಮಡಿ ಹೊಲದಲ್ಲಿ ಎದ್ದ ಸಜ್ಜೆಯ ಹಾಗೆ ಅಲ್ಲೊಂದು ಇಲ್ಲೊಂದು. ಗ್ರಂಥಿಯೂ ಇಲ್ಲ, ಗಂಟೂ ಇಲ್ಲ. ಡಾಕ್ಟರಬಾಯಿಯ ಮುಖ ಸಣ್ಣದಾಯಿತು. “ಗ್ರಂಥಿ ಏನೂ ತೊಗೊಂಡಿಲ್ಲ. ಹಿಂಗಾದ್ರ ಗಂಟಿನ ಬಗ್ಗೆ ನಾ ಏನೂ ಹೇಳಾಕ ಬರೂದಿಲ್ಲ, ಕೊಯ್ದ ನೋಡಬೇಕಾದೀತು,” ಎಂದರು. ಅಕ್ಕ ನನ್ನ ಕೈ ಹಿಡಿದಳು. ಇಸ್ಮಾಯಿಲ, ಆಕೆಯ ಕೈ ಅಷ್ಟು ತಣ್ಣಗಿದ್ದದ್ದು ನಾನು ಕಂಡಿರಲಿಲ್ಲ.

ನಾನು ಬಿಡುತ್ತೇನೆಯೇ? “ಬಾಯಾರ, ಬೀಜ ಕಡಿಮಿ ಬಿತ್ತಿ ಬೆಳಿ ಬರ್ಲಿಲ್ಲಂದ್ರ ಹೆಂಗ್ರಿ? ಗ್ಲಾಸ ತುಂಬಿ ಕೊಡ್ರಿ,” ಎಂದೆ. ಅವರು ಕೈಮುಗಿದು, ಔಷಧ ಹೆಚ್ಚು ಕೊಟ್ಟಷ್ಟೂ ಮೈಗೆ ಕಿರಣದ ಹೊರೆ ಹೆಚ್ಚು, ಚಿತ್ರಕ್ಕೆ ಸಾಕಾಗುವಷ್ಟನ್ನೇ ಅಳೆದು ಕೊಡುತ್ತೇವೆ ಎಂದರು. ನಾನು ಹೊರಗೆ ಚಹಾದ ಗಾಡಿಯ ಹತ್ತಿರ ಬಂದೆ. ಅಲ್ಲಿ ಖಾಕಿ ಅಂಗಿಯವನೊಬ್ಬ, ತಾನು ಔಷಧದ ಕೋಣೆಯವನು, ಗುಟ್ಟಿನಲ್ಲಿ ಎರಡು ಪಾಲು ಹಾಕಿಸುತ್ತೇನೆ ಎಂದ. ಚಹಾಕ್ಕೆಂದು ಅವನ ಕೈಯಲ್ಲಿ ಏನೋ ಚಿಲ್ಲರೆ ಇಟ್ಟೆ. ಹಿಂದಿನ ಬಾಗಿಲಲ್ಲಿ ನಿಲ್ಲು ಎಂದು ಹೇಳಿ ಹೋದವನು ಹೋದ. ಆ ಬಾಗಿಲು ಅಗಸರ ಕೋಣೆಯದು. ಸಂಜೆಯವರೆಗೆ ಮುಂಬಯಿಯ ಮೈಲಿಗೆ ಬಟ್ಟೆಯನ್ನೆಲ್ಲ ನೋಡಿದೆ.

ನಾನು ತಿರುಗಿ ಹೋಗುವಷ್ಟರಲ್ಲಿ ಒಳಗೆ ನಗು. ಸೆಕೆಗೆ ಅಕ್ಕ ಸೆರಗು ಸರಿಸಿದ್ದಾಳೆ, ಕೊರಳಿನ ಸುತ್ತ ಕಂದು ಬಣ್ಣದ ಕಲೆಯನ್ನು ಡಾಕ್ಟರಬಾಯಿ ಕಂಡಿದ್ದಾರೆ. ಬರುವಾಗಲೇ ಏನಾದರೂ ಹಚ್ಚಿದ್ದೀರಾ ಎಂದು ಕೇಳಿದ್ದರು, ನಾನು ಎದೆ ತಟ್ಟಿ ಇಲ್ಲ ಎಂದಿದ್ದೆ. ಅಕ್ಕ ಮಾತ್ರ, “ನಮ್ಮ ತಮ್ಮ ಎತ್ತಿನ ಔಷಧ ಹಚ್ಚ್ಯಾನ್ರಿ,” ಎಂದುಬಿಟ್ಟಳು. ಅವರು ಕುಡಿಸಿದ್ದೂ ಅಯೋಡಿನ್ನೇ ಅಂತೆ, ಕಿರಣದ್ದು. ನಾನು ಬಳಿದದ್ದು ಚರ್ಮದೊಳಗಿಂದ ಇಳಿದು ಗ್ರಂಥಿಯ ಹೊಟ್ಟೆ ತುಂಬಿಸಿತ್ತು. “ಉಂಡ ಎದ್ದವರ ಮುಂದ ಮತ್ತೊಂದ ತಾಟ ಇಟ್ರ ಉಣ್ತಾರೇನ್ರಿ ಮಾಮಾ? ಎರಡ ಪಾಲ ಹಾಕಿದ್ರೂ ಚಿತ್ರ ಬರ್ತಿರಲಿಲ್ಲ, ಈಕಿ ಮೈಗೆ ಸುಮ್ನ ತ್ರಾಸ ಆಗತಿತ್ತು,” ಎಂದರು. ಅಂದರೆ ಏನಾಯಿತು ನೋಡು: ಲಕ್ಷಗಟ್ಟಲೆ ಬೆಲೆಯ ವಿಲಾಯತಿ ಮಶೀನನ್ನು ತಿಕೋಟಾದ ಒಂದು ಬಾಟಲಿ ಚಿತ್ ಮಾಡಿತು. ಅಂದಿನಿಂದ ಅವರು ಬಂದವರಿಗೆಲ್ಲ ಸೆರಗು ಸರಿಸಿ ಕೊರಳು ತೋರಿಸಿ ಎನ್ನುತ್ತಾರಂತೆ. ಈ ಪದ್ಧತಿ ಹಾಕಿದವನು ನಾನು.

ಬಾಟಲಿ ಮುಟ್ಟಕೂಡದು, ಎರಡು ತಿಂಗಳು ಬಿಟ್ಟು ಬನ್ನಿ ಎಂದರು. ಆ ಎರಡು ತಿಂಗಳು ಅಕ್ಕ ಮಾತು ಕಡಿಮೆ ಮಾಡಿದಳು. ರೊಟ್ಟಿ ಬಡಿಯುವಾಗ ನಡುವೆ ಕೈ ನಿಲ್ಲಿಸಿ ಕೊರಳು ಮುಟ್ಟಿಕೊಳ್ಳುತ್ತಿದ್ದಳು. ನಾನು ಎಷ್ಟು ನಗಿಸಿದರೂ ಅರ್ಧವೇ ನಗುತ್ತಿದ್ದಳು. ಹೋದ ವಾರ ಮತ್ತೆ ಹೋದೆವು. ಹೆಂಗಸರಿಗೂ ವ್ಯವಹಾರ ತಿಳಿಯಲಿ ಎಂದು ಈ ಸಲ ರೊಕ್ಕದ ಚೀಲ ಆಕೆಯ ಹತ್ತಿರವೇ ಬಿಟ್ಟೆ. ಬೀಡಿಗೆ ಬೇಕಾದಾಗ ಆಕೆಯೇ ಎಣಿಸಿ ಕೊಟ್ಟಳು.

ಅದೇ ಸಣ್ಣ ಗುಟುಕು, ಒಂದು ಹನಿ ಹೆಚ್ಚಿಲ್ಲ. ಮರುದಿನ ಮಶೀನಿನ ಕೆಳಗೆ ಮಲಗಿಸಿ, ಅಲುಗಬೇಡ, ಉಗುಳು ನುಂಗಬೇಡ, ಅಲುಗಿದರೆ ಚುಕ್ಕಿ ಸಾಲು ತಪ್ಪುತ್ತವೆ ಎಂದರು. ನನ್ನನ್ನು ಹೊರಗೆ ಕೂಡಿಸಿದರು, ನಾನಿದ್ದರೆ ಅಕ್ಕನಿಗೆ ಬೈಯದೆ ಇರಲಾಗುವುದಿಲ್ಲವಂತೆ. ಬಾಗಿಲ ಸಂದಿಯಲ್ಲಿ ಕೇಳುತ್ತ ಕೂತೆ. ಮೊದಲು ಬಿಟ್ಟು ಬಿಟ್ಟು ಟಕ್, ಟಕ್. ಆಮೇಲೆ ಕುದುರೆ ಓಡಿದ ಹಾಗೆ ಟಕಟಕಟಕ! ನನಗೆ ಆಗಲೇ ತಿಳಿಯಿತು. ಕಾಗದದ ಮೇಲೆ ರೆಕ್ಕೆ ಬಿಚ್ಚಿದ ಪಾತರಗಿತ್ತಿ ಕೂತಿತ್ತು, ಗ್ರಂಥಿಯ ಆಕಾರವೇ ಹಾಗಂತೆ, ಗಂಟಿದ್ದ ಜಾಗದಲ್ಲೂ ಚುಕ್ಕಿ ಇರುವೆಯಂತೆ ಮುತ್ತಿದ್ದವು. ಗಂಟು ಔಷಧ ಹೀರದಿದ್ದರೆ ಚಿಂತೆ, ಇದು ಚೆನ್ನಾಗಿಯೇ ಹೀರಿದೆ, ಚಾಕು ಬೇಡ, ಗುಳಿಗೆ ಸಾಕು, ಆರು ತಿಂಗಳಿಗೊಮ್ಮೆ ತೋರಿಸಿರಿ ಎಂದರು ಡಾಕ್ಟರಬಾಯಿ. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಪೂರಾ ನಕ್ಕಳು. ಆಪರೇಶನ್ನಿಗೆಂದು ರಜೆ ಬರೆಯಬೇಡ. ಹಬ್ಬಕ್ಕೆ ಬರೆ.

ಎಲ್ಲರ ಸಲಾಮು ನಿನಗೆ. ನಿನ್ನ ಟ್ರಕ್ಕು ಏರಿನಲ್ಲಿ ನಿಲ್ಲದಿರಲಿ, ಇಳಿಜಾರಿನಲ್ಲಿ ಓಡದಿರಲಿ.

ನಿನ್ನ ಮಾಮು,
ಬುಡ್ಡೇಸಾಬ

ತಾ.ಕ.: ಅವಸರದಲ್ಲಿ ಬರೆಯುತ್ತಿದ್ದೇನೆ. ಟಪಾಲಿನ ಶಿವಶರಣಪ್ಪ ಓಣಿಯೊಳಗೆ ಬಂದಿದ್ದಾನೆ. ಅಕ್ಕ ಬಾಗಿಲಲ್ಲಿ ಅಡ್ಡ ನಿಂತು, “ರೊಕ್ಕದ ಮಾತು ಬರದೀ ಏನೋ? ಲಕೋಟಿ ಅಂಟಸಬ್ಯಾಡ, ಶಿವಶರಣಪ್ಪನ ಕಡೆ ಓದಿಸಿ ಕೇಳಾಕಿ ಅದೇನಿ,” ಎನ್ನುತ್ತಿದ್ದಾಳೆ. ಖಾಕಿ ಅಂಗಿಯವನಿಗೆ ಕೊಟ್ಟದ್ದು ಚಿಲ್ಲರೆಯಲ್ಲ. ಆಪರೇಶನ್ನಿಗೆಂದು ನೀನು ಕಳಿಸಿದ್ದ ಅಷ್ಟೂ ರೊಕ್ಕ. ಆಡು ಮಾರಿದ್ದು ಅದಕ್ಕೇ, ಎರಡನೆಯ ಸಲ ಹೋಗಿ ಬಂದದ್ದು ಆ ಆಡಿನ ರೊಕ್ಕದಲ್ಲೇ. ಅವನ ಕೈಗೆ ಹೋದದ್ದು ಮುನ್ನೂರಾ ಹತ್ತು ರೂಪಾಯಿ, ಇಸ್ಮಾಯಿಲ.