ಬಾಟಲಿಯಲ್ಲಿ ಉಳಿದ ನೀರು

ನೀಲಾ,

ಬೈಲಹೊಂಗಲದ ನಮ್ಮ ಕೆರೆ ಈಗ ಪಕ್ಷಿಧಾಮ. ನೀನು ತೀರಿಕೊಂಡ ಮೇಲೆ ಆದದ್ದು. ಹಕ್ಕಿಗಳಿಗೆ ಕಾಣದಂತೆ ಕೂತು ನೋಡಲು ದಂಡೆಯಲ್ಲಿ ಹಲಗೆಯ ಕೋಣೆ ಕಟ್ಟಿದ್ದಾರೆ. ಒಂದೇ ಬಾಗಿಲು, ಗೋಡೆಯಲ್ಲಿ ಕೈ ಹಿಡಿಸುವಷ್ಟು ಸಂದುಗಳು.

ಇಂದು ನಾನು ಒಳಗಿದ್ದಾಗ ನಿನ್ನ ಅಪ್ಪ ಬಂದು ಬಾಗಿಲೆದುರಿನ ಬೆಂಚಿನ ಮೇಲೆ ಕುಳಿತರು. ನಾನು ಚಿಲಕ ಹಾಕಿಕೊಂಡೆ. ಒಂದು ತಾಸಾದರೂ ಅವರು ಏಳಲಿಲ್ಲ. ನಲವತ್ತು ದಾಟಿದ ಮೇಲೂ ಆ ಮನುಷ್ಯನಿಗೆ ಹೆದರಿ ಉಸಿರು ಬಿಗಿಹಿಡಿದಿದ್ದೆನಲ್ಲ, ನನ್ನ ಮೇಲೇ ಸಿಟ್ಟು ಬಂತು.

ಅಷ್ಟರಲ್ಲಿ ಅವರಿಗೆ ಕೆಮ್ಮು ಹತ್ತಿತು. "ಒಳಗ ಯಾರರೆ ಅದೀರೇನ? ಸ್ವಲ್ಪ ನೀರು ಕೊಡ್ರಿ."

ಸಂದಿನಿಂದ ಬಾಟಲಿ ಚಾಚಿದೆ. ಬಾಯಿ ಹಚ್ಚಿ ಗಟಗಟ ಕುಡಿದರು.

ಚಿಕ್ಕವಳಿದ್ದಾಗ ನಾನು ನಿಮ್ಮ ಹೊಸ್ತಿಲು ದಾಟುವಂತಿರಲಿಲ್ಲ. "ಮ್ಯಾಲಿಂದ ಹಾಕು" ಎಂದು ಅವರು ಗದರಿದಾಗ ನನ್ನ ಬೊಗಸೆಗೆ ನೀರು ಸುರಿದವಳು ನೀನು.

"ಯಾರ ಮಗಳವ್ವಾ ನೀ?" ಕುಡಿದಾದ ಮೇಲೆ ಕೇಳಿದರು.

"ನೀಲಾನ ಗೆಳತಿರೀ. ಸಂಘಮಿತ್ರಾ."

ಬಾಟಲಿಯನ್ನು ಬೆಂಚಿನ ಮೇಲಿಟ್ಟರು. ಆಮೇಲೆ ಬಾಗಿಲು ತಟ್ಟಿದರು. "ಹೊರಗ ಬಾ ಯವ್ವಾ. ಒಂದ್ಸಲ ಮಾರಿ ನೋಡತೇನಿ."

ಚಿಲಕ ತೆಗೆಯಲಿಲ್ಲ. ಬೊಗಸೆಗೆ ನೀರು ಸುರಿದ ದಿನ ಸಂಜೆ ನೀನು ನಮ್ಮ ಮನೆಗೆ ಓಡಿಬಂದು ತಟ್ಟಿದಾಗಲೂ ತೆಗೆದಿರಲಿಲ್ಲ.

ಮುಚ್ಚುವ ಹೊತ್ತಿಗೆ ಕಾವಲುಗಾರ ಸೀಟಿ ಊದಿದ ಮೇಲೆಯೇ ಹೊರಬಂದೆ. ಬೆಂಚಿನ ಮೇಲೆ ಬಾಟಲಿ ಮಾತ್ರ ಇತ್ತು. ಈಗ ನನ್ನ ಮುಂದಿದೆ. ತಳದಲ್ಲಿ ಒಂದು ಗುಟುಕು ನೀರಿದೆ, ನೀಲಾ. ಚೆಲ್ಲಲೂ ಆಗುತ್ತಿಲ್ಲ, ಕುಡಿಯಲೂ ಆಗುತ್ತಿಲ್ಲ.